ಮುತ್ತು ಬಿದ್ದ ಗಳಿಗೆ

9-10-60, ಭಾನುವಾರ
ಅಡುಗೆ ಮುಗಿಸಿ ಓಡಿದೆ. ಪ್ರಾಕ್ಟೀಸ್. ಮದರಾಸಿನ ಕನ್ನಡ ಸಂಘದ ಗೇಯನಾಟಕ — ಭಾಸ್ಕರಾಚಾರ್ಯರ ಕಥೆ. ಸೆಕ್ರೆಟರಿ ಬಾಯಲ್ಲಿ ‘ಒಪೆರಾ’. ರಾಗ ಹಾಕಿದ್ದು ಅಪ್ಪ, ಹಾಡು ಬರೆದದ್ದು ನಾನು. ಲೀಲಾವತಿಯೂ ನಾನೇ. ಮಗಳ ಮದುವೆಯ ಮುಹೂರ್ತಕ್ಕೆಂದು ಭಾಸ್ಕರ ನೀರಿನಲ್ಲಿ ತಳ ತೂತಿನ ಗಳಿಗೆಬಟ್ಟಲು ಇಡುತ್ತಾನೆ; ಅದು ತುಂಬಿ ಮುಳುಗಿದಾಗ ಮುಹೂರ್ತ. ಅವಳ ಮೂಗುತಿಯ ಮುತ್ತು ಬಿದ್ದು ಬಟ್ಟಲಿನ ತೂತು ಮುಚ್ಚುತ್ತದೆ. ಮುಹೂರ್ತ ಮೀರುತ್ತದೆ. ಗಂಡ ಉಳಿಯುವುದಿಲ್ಲ. ಕೊನೆಗೆ ಬರಿಹಣೆಯ ಲೀಲಾವತಿ ಅಪ್ಪನ ಹತ್ತಿರ ಲೆಕ್ಕ ಕಲಿಯುತ್ತಾ ಹಾಡುವ ಹಾಡು… ಅದೊಂದನ್ನು ಹಾಡಬೇಕೆಂದೇ ಇಷ್ಟೆಲ್ಲ ಬರೆದೆ.

13-11-60
ತಾಂಬರಂನಿಂದ ಭೀಮಾಬಾಯಿ ಎನ್ನುವವರು ನನ್ನ ಜಾತಕ ತರಿಸಿಕೊಂಡಿದ್ದಾರೆ. ಮಗ ರೈಲ್ವೇಯಲ್ಲಿ. ನನಗೆ ಇಪ್ಪತ್ತೊಂಬತ್ತು. ಅಪ್ಪ ಊಟಕ್ಕೆ ಕೂತಾಗ ಶುರು ಮಾಡಿದರು.
“ಬರೀ ಹಣೇಲಿ ಸ್ಟೇಜ್ ಹತ್ತಬೇಡಮ್ಮ. ಅವ್ರು ನೋಡಿದ್ರೆ ಏನಂದ್ಕೋತಾರೆ?”
“ನಾಟಕ ಅಲ್ವಾಪ್ಪಾ?”
“ನಾಟಕಾನೇ. ಆದ್ರೂ ಮದುವೆ ಆಗ್ಬೇಕಾದ ಹುಡುಗಿ. ವಾಸಂತಿ ಹಾಡ್ಲಿ. ನೀ ಸೈಡಲ್ಲಿ ಕೂತು ಶ್ರುತಿ ಹಿಡಿ.”
ಪಕ್ಕದ ಮನೆ ವಾಸಂತಿಗೂ ಮದುವೆಯಾಗಿಲ್ಲ. ತಂದೆ ಇಲ್ಲದವಳು. ಅವಳ ಹಣೆ ಬರಿದಾದರೆ ಕೇಳುವವರಿಲ್ಲ. ಹ್ಞೂಂ ಎಂದೆ. ಎಂದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು.

10-12-60, ಶನಿವಾರ
ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಭೀಮಾಬಾಯಿ, ಪಕ್ಕದಲ್ಲಿ ಮಗ. ವಾಸಂತಿಯ ಬರಿಹಣೆಯ ಮೇಲೆ ಲೈಟು. ನನ್ನ ಹಾಡು. ಎರಡನೇ ಚರಣದಲ್ಲಿ ಶ್ರುತಿ ಬಿಟ್ಟಳು. ಪರದೆಯ ಮರೆಯಿಂದ ನಾನೇ ಎತ್ತಿ ಹಾಡಿ ದಾರಿಗೆ ತಂದೆ. ಆಗಲೇ ಭೀಮಾಬಾಯಿ ಕಣ್ಣೊರೆಸಿಕೊಂಡದ್ದು.

17-1-61
ತೈ ತಿಂಗಳು ಹುಟ್ಟಿದರೆ ದಾರಿ ಹುಟ್ಟುತ್ತದೆ — ಇಲ್ಲಿನ ತಮಿಳರ ಮಾತು. ಹುಟ್ಟಿತು, ವಾಸಂತಿಗೆ. ಭೀಮಾಬಾಯಿ ನಮ್ಮ ಮನೆಗೇ ಬಂದು ಹಾಡಿದ ಹುಡುಗಿಯ ಜಾತಕ ಕೇಳಿದರು. ಅಪ್ಪ ಕೇಳಿಯೇಬಿಟ್ಟರು.
“ಬರೀ ಹಣೇಲಿ ನೋಡಿದ್ರಲ್ಲಾ…”
“ಪರವಾಯಿಲ್ಲೆ ಆಚಾರ್ರೇ, ಅದು ವೇಷ ತಾನೇ.”
ಕಾಫಿ ಕೊಟ್ಟವಳು ನಾನು. ಚೆನ್ನಾಗಿದೆ ಎಂದರು, ಕಾಫಿಯನ್ನು.

5-2-61, ಸಂಜೆ 5-30
ವಾಸಂತಿಗೆ ಮುಹೂರ್ತ ಇಟ್ಟುಕೊಟ್ಟದ್ದೂ ಅಪ್ಪನೇ. ಲೆಕ್ಕ ಸರಿ ನೋಡು ಎಂದು ಚೀಟಿ ಕೊಟ್ಟು ಗುಡಿಗೆ ಹೋದರು. ನೋಡಿದೆ. ಎಂದಿನ ತಪ್ಪು. ಧಾರವಾಡದ ಪಂಚಾಂಗದ ಸೂರ್ಯೋದಯವನ್ನೇ ಹಿಡಿದಿದ್ದಾರೆ. ಮದರಾಸಿನಲ್ಲಿ ಸೂರ್ಯ ಇಪ್ಪತ್ತು ನಿಮಿಷ ಮೊದಲೇ ಹುಟ್ಟುತ್ತಾನೆ. ಮೂರು ತಲೆಮಾರಾದರೂ ನಮ್ಮ ಮನೆಗೆ ಊರಿನ ಸೂರ್ಯನೇ ಆಗಬೇಕು. ಹೀಗೇ ಬಿಟ್ಟರೆ ತಾಳಿ ಕಟ್ಟುವ ಹೊತ್ತಿಗೆ ಲಗ್ನ ಮೀರಿರುತ್ತದೆ. ಪ್ರತಿ ಸಲ ತಿದ್ದುವವಳು ನಾನು. ಹೊರಗೆ ಗೊತ್ತಿಲ್ಲ.

ಲಗ್ನಪತ್ರಿಕೆ ನಾಳೆ ಪ್ಯಾರೀಸ್ ಕಾರ್ನರಿನ ಪ್ರೆಸ್ಸಿಗೆ. ಪೆನ್ಸಿಲ್ ಕೈಯಲ್ಲೇ ಇದೆ, ಇನ್ನೂ ತಿದ್ದಿಲ್ಲ. ವಾಸಂತಿ ಏನು ಮಾಡಿದಳು ಪಾಪ. ನಾನಾದರೂ ಏನು ಮಾಡಿದ್ದೆ?

ಅಪ್ಪ ಬಂದರು. ಮೆಟ್ಟಿಲಲ್ಲೇ ಕೇಳುತ್ತಿದ್ದಾರೆ, “ಸರಿ ಇದೆಯಾ ನೀರಜಾ?”

ಸರಿ ಇದೆ ಎಂದುಬಿಟ್ಟರೆ —