ಕೆರೆದಂಡೆಯ ಡೇರೆಗೆ ಎರಡನೆಯವರು

ಅಮಿತಕ್ಕಾ,

ನಾನು ಕೆಲಸಕ್ಕೆ ಹೊರಟೆ. ಬಂಗುಡೆ ಸಾರು ಮುಚ್ಚಿಟ್ಟಿದ್ದೇನೆ. ಅಂಗಳದಲ್ಲಿ ಡೇರೆ ಒಣಗುತ್ತಿದೆ, ಕ್ಯಾಂಪಿಗೆ ಮೊದಲೇ ಅದರ ಕಂಪು ಹೊರಟಿದೆ. ಸಂಜೆ ಒಳಗಿಡು.

ಜೊತೆಗೆ ಬರುತ್ತೇನೆಂದಿದ್ದ ರೋಷನ್ ಈ ಸಲವೂ ಕೈಕೊಟ್ಟ. ಘಟ್ಟದ ಮೇಲಿನ ಆ ನ್ಯಾಶನಲ್ ಪಾರ್ಕಿನ ಕೆರೆದಂಡೆಯಲ್ಲಿ ಒಬ್ಬರನ್ನೇ ಉಳಿಯಲು ಬಿಡುವುದಿಲ್ಲವಂತೆ. ಅದಕ್ಕೆ ನಿನ್ನೆ ನಿನ್ನ ದನಿಯಲ್ಲಿ ಅಲ್ಲಿನ ಗಾರ್ಡಿಗೆ ಫೋನ್ ಮಾಡಿದೆ. ಬೈಯಬೇಡ.

"ಅಕ್ಕ ಅಲ್ದಾ? ನೀವೂ ಬತ್ರಿಯಾ?" ಎಂದು ಕೇಳಿದ.

"ಹೌದ್ ಮಾರ್ರೆ, ಬತ್ತೆ. ತಮ್ಮನ್ ಒಬ್ನನ್ನೇ ಕಳ್ಸುಕೆ ಮನ್ಸ್ ಬತ್ತಿಲ್ಲ," ಎಂದೆ, ನಿನ್ನ ಹಾಗೆಯೇ ಮೂಗೆಳೆದು. ಅವನು ನಿನ್ನ ಹೆಸರೂ ಬರೆದುಕೊಂಡ. ನಾನೇ ಆಡಿದ ಆ ಮಾತು ಕೇಳಿ ನನಗೇ ಸಮಾಧಾನವಾಯಿತು, ಯಾರೋ ನಿಜವಾಗಿ ಹೇಳಿದಂತೆ.

ಶನಿವಾರ ಬೆಳಿಗ್ಗೆ ಆರೂವರೆಗೆ ಬಸ್ಸು. ನಿನ್ನ ಸ್ವೆಟರ್ ನನ್ನ ಚೀಲದಲ್ಲಿದೆ. ಬರುವುದಿಲ್ಲವಾದರೆ ಗಾರ್ಡಿಗೆ ನೀನೇ ಹೇಳು, ನಂಬರ್ ಕ್ಯಾಲೆಂಡರಿನ ಮೇಲಿದೆ. ಬರುವುದಿಲ್ಲ ಎಂಬುದನ್ನು ನಿನ್ನ ದನಿಯಲ್ಲಿ ಹೇಳಲು ನನ್ನಿಂದಾಗದು.

ಸುಜನ್