ಜಂತಿ ಸೊಟ್ಟ ಆಗ್ಯಾವ

ಬೈಲಹೊಂಗಲ
೧೪ ಮಾರ್ಚ್ ೨೦೦೪

ಪ್ರೀತಿಯ ಫರೀನ್ ಆಪಾಗೆ,

ನಿನ್ನ ತಂಗಿ ಮೆಹೆರಾಜಳ ಸಲಾಮು. ರಮಜಾನಿನಲ್ಲಿ ಬಂದ ನಿನ್ನ ಪತ್ರಕ್ಕೆ ಬಕ್ರೀದ್ ಕಳೆದು, ಯುಗಾದಿ ಬಾಗಿಲಿಗೆ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಮುಂದೆ ಓದು. ಫೋನ್ ಮಾಡಬಾರದಿತ್ತೇ ಅನ್ನುತ್ತೀ. ಫೋನು ಇರುವುದು ಅಬ್ಬಾನ ಮಂಚದ ತಲೆದೆಸೆಗೆ. ರಾಮದುರ್ಗ ಎಂಬ ಊರಿನ ಹೆಸರು ಕೇಳಿದರೂ ಸಾಕು, ಅವರಿಗೆ ಕೆಮ್ಮು ಬರುತ್ತದೆ. ನಾಸಿರ ಭಾಯಿ ಅಬ್ಬಾನ ಮದುವೆ ಬ್ಯಾಂಡ್ ಬಿಟ್ಟು ಅಲ್ಲಿ ತನ್ನದೇ ಬ್ಯಾಂಡ್ ಕಟ್ಟಿದ, ನೀನೂ ಗಂಡನ ಹಿಂದೆ ಹೊರಟೆ. ಅಂದಿನಿಂದ ನಿನ್ನ ಹೆಸರು ಅಬ್ಬಾನ ಬಾಯಿಂದ ಬಂದಿರಲಿಲ್ಲವೆಂದು ನಿನಗೇ ಗೊತ್ತು.

ಅಮ್ಮಾ ಆರಾಮ ಇದ್ದಾಳೆ. ಬಸ್ ಸ್ಟ್ಯಾಂಡಿನ ಹತ್ತಿರದ ನನ್ನ ಡಿ.ಟಿ.ಪಿ. ಅಂಗಡಿಯೂ ಚೆನ್ನಾಗಿ ನಡೆದಿದೆ. ಲಗ್ನಪತ್ರಿಕೆ ಮಾಡಿ ಮಾಡಿ, ಸುತ್ತಲಿನ ಊರಿನ ಗಂಡು ಹೆಣ್ಣುಗಳೆಲ್ಲ ನನಗೆ ಬಾಯಿಪಾಠ. ಅಬ್ಬಾನ ಕಣ್ಣು ಮಾತ್ರ ಸರಿಯಿಲ್ಲ ಆಪಾ. ಎರಡಕ್ಕೂ ಪೊರೆ ಬಂದಿದೆ. ಆಪರೇಶನ್ ಅಂದರೆ ಕ್ಲ್ಯಾರಿನೆಟ್ ಎತ್ತಿಕೊಂಡು ಊದತೊಡಗುತ್ತಾರೆ. ಊದುವವರ ಜೊತೆ ವಾದ ಮಾಡುವುದು ಹೇಗೆ ಹೇಳು?

ಹೀಗಿರುವಾಗ ನಮ್ಮ ಬ್ಯಾಂಡಿಗೆ ಹೊಸ ಹುಡುಗರು ಬಂದರು. ಅವರಿಗೆ ನೋಟೇಶನ್ ಹಾಳೆ ಬೇಕು. ನೀನು ಮದುವೆಗೆ ಮುಂಚೆ ಕೈಯಿಂದ ಬರೆದುಕೊಟ್ಟ ಹಾಳೆಗಳು ಮಡಿಕೆಯಲ್ಲಿ ಹರಿದು ಹೋಗಿವೆ. "ನಿನ್ನ ಕಂಪ್ಯೂಟರಿನಾಗ ಹಾಕಿ ತಗಿ, ಹೆಂಗೂ ಲಗ್ನದ ಕಾರ್ಡ ತಗೀತಿಯಲ್ಲ" ಅಂದರು ಅಬ್ಬಾ. ಸಂಗೀತ ಬರೆಯುವ ಸಾಫ್ಟ್‌ವೇರ್ ಹುಡುಕಿ ತಂದೆ. ಸ್ವರದ ಕಡ್ಡಿಗಳನ್ನು ತಲೆಯ ಮೇಲೆ ಜೋಡಿಸುವ ದಪ್ಪ ಗೆರೆಗೆ ಪಲ್ಟಣಿನ ಬ್ಯಾಂಡಿನಲ್ಲಿ ಕಲಿತು ಬಂದ ನಮ್ಮಜ್ಜ, ಮಾಳಿಗೆ ಹೊರುವ ತೊಲೆಯ ಹಾಗೆ ಕಂಡಿತೆಂದು, ಜಂತಿ ಎಂದು ಹೆಸರಿಟ್ಟಿದ್ದನಲ್ಲ? ಕಡ್ಡಿ ಅಂದರೆ ಕಂಬ, ಐದು ಗೆರೆಗಳ ನಡುವಿನ ಜಾಗ ಅಂದರೆ ಮನಿ. ಸಾಫ್ಟ್‌ವೇರಿನಲ್ಲೂ ಅದಕ್ಕೆ ಬೀಮ್ ಎಂದೇ ಹೆಸರು. ಅಜ್ಜ ಭಾರೀ ಶಾಣ್ಯಾ ಇದ್ದ ಬಿಡು ಅನ್ನಿಸಿತು.

ಮೊದಲ ಹಾಳೆಗಳನ್ನು ಝೆರಾಕ್ಸ್ ಮಾಡಿಸಿ ಮುನವಳ್ಳಿಯ ಮದುವೆಗೆ ಕೊಟ್ಟುಕಳಿಸಿದೆ. ಮಾನ ಹೋಯಿತು! ಒಂದು ಜಂತಿ ಇದ್ದರೆ ಒಂದು ವೇಗ, ಜೋಡಿ ಜಂತಿ ಇದ್ದರೆ ಅದರ ಎರಡು ಪಟ್ಟು. ಝೆರಾಕ್ಸಿನಲ್ಲಿ ಜೋಡಿ ಜಂತಿಯ ನಡುವೆ ಮಸಿ ತುಂಬಿ ಎರಡೂ ಒಂದಾಗಿಬಿಟ್ಟಿದ್ದವು. ಕಾರ್ನೆಟ್ ಊದುವ ಹೊಸ ಹುಡುಗ ಬಾಳು ಹಾಳೆ ನೋಡಿ ಪ್ರಾಮಾಣಿಕವಾಗಿ ನಿಧಾನಕ್ಕೆ ಊದಿದ. ಹಳಬರು ಬಾಯಿಪಾಠದ ಮೇಲೆ ಓಡಿಸಿದರು. ಮದುಮಗನ ಕುದುರೆ ನಡೆಯಬೇಕೋ ಓಡಬೇಕೋ ತಿಳಿಯದೆ ಹಾಡುಹಗಲಲ್ಲಿ ನಡುರಸ್ತೆಯಲ್ಲಿ ನಿಂತುಕೊಂಡಿತು. ಹೆಣ್ಣಿನ ಸೋದರಮಾವ ಬಂದು, "ಏನ್ರಿ ಮಾಸ್ತರ, ಇದು ಮದುವಿ ಮೆರವಣಿಗಿಯೋ, ಮಣ್ಣಿಗೆ ಹೊಂಟದ್ದೋ?" ಎಂದು ಕೇಳಿದನಂತೆ.

ಬಾಳು, "ಹಾಳಿ ಸರಿ ಇಲ್ರಿ ಮಾಸ್ತರ" ಅಂದ. "ಕುಣಿಯಾಕ ಬಾರದಾಕಿ ನೆಲ ಡೊಂಕ ಅಂದ್ಲಂತ" ಎಂದು ಅಬ್ಬಾ ಅವನನ್ನು ಗದರಿದರು. ಆದರೆ ಮನೆಗೆ ಬಂದು ಹಾಳೆಯನ್ನು ಮೂಗಿಗೆ ಹತ್ತಿಸಿ ನೋಡಿದವರೇ ಕೂಗಿದರು: "ಹುಡುಗಂದು ತಪ್ಪಿಲ್ಲ! ಜಂತಿ ಸೊಟ್ಟ ಆಗ್ಯಾವ! ಇವತ್ತ ತಗಸಿ ಬ್ಯಾರೆ ಹಾಕ್ಸು, ಇಲ್ಲಂದ್ರ ಎಲ್ಲಾ ಬೀಳತೈತಿ!"

ಅಡುಗೆಮನೆಯಲ್ಲಿದ್ದ ಅಮ್ಮಾನ ಕಿವಿಗೆ ಬಿದ್ದದ್ದು ಇಷ್ಟೇ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಸೆರಗು ಹೊದ್ದು ಹಿತ್ತಲ ಬಾಗಿಲಿನಿಂದ ಓಡಿ ಬಡಿಗೇರ ಲಗಮಣ್ಣನನ್ನು ಏಣಿಸಹಿತ ಕರೆತಂದಳು. ಅವನು ಬಂದವನೇ ಮೇಲೆ ಹತ್ತಿ ಜಂತಿಗಳನ್ನೆಲ್ಲ ಸುತ್ತಿಗೆಯಿಂದ ಬಡಿದು ನೋಡತೊಡಗಿದ. ಮೇಲಿನ ಮಣ್ಣು ಉದುರಿ ಬೇಳೆಯೊಳಗೆ ಬಿತ್ತು. "ಕಬ್ಬಿಣ ಇದ್ದಂಗ ಅದಾವ್ರಿ ಮಾಸ್ತರ. ಯಾರ ಹೇಳಿದ್ರು ಸೊಟ್ಟ ಆಗ್ಯಾವಂತ?" ಅಂದ. ಅಬ್ಬಾ ಹಾಳೆ ಎತ್ತಿ ಹಿಡಿದು, "ಅವಲ್ಲೋ ಮಾರಾಯಾ, ಇವು, ಇವು!" ಅಂದರು. ಲಗಮಣ್ಣ ಹಾಳೆ ನೋಡಿದ, ಏಣಿ ನೋಡಿದ. "ಇದಕ್ಕ ಏಣಿ ಯಾಕ ತರಸಿದ್ರಿ, ಅಕ್ಕಾರ?" ಎಂದು ಅಮ್ಮಾನನ್ನು ಕೇಳಿದ. ನಾನು ನಕ್ಕು ನಕ್ಕು ನೆಲಕ್ಕೆ ಕೂತೆ. ಆ ದಿನ ಬೇಳೆಯಿಲ್ಲದೆ ಉಂಡೆವು.

ಆದರೆ ಚಹಾ ಕುಡಿದು ಲಗಮಣ್ಣ ಹೋದ ಮೇಲೆ ಅಬ್ಬಾ ಗೋಡೆಗೆ ಒರಗಿ, "ಬ್ಯಾಂಡ ಬಂದ್ ಮಾಡತೇನಿ ಬೇಟಿ" ಅಂದರು. "ನನಗ ಕಾಣೂದಿಲ್ಲ, ಹುಡುಗರಿಗೆ ಓದಾಕ ಆಗೂದಿಲ್ಲ. ಇನ್ನೇನ ಕಲಸ್ಲಿ?" ನನಗೆ ಅಳುವೂ ಬಂತು, ಸಿಟ್ಟೂ ಬಂತು. ಅಜ್ಜನ ಬ್ಯಾಂಡು ನನ್ನ ಪ್ರಿಂಟರಿನ ದೆಸೆಯಿಂದ ಮುಚ್ಚಬೇಕೇ? ಆಗಿದ್ದು ಆಗಲಿ ಅಂತ ಟ್ರಂಕು ತೆಗೆದು ನಿನ್ನ ಹಳೆಯ ಹಾಳೆಗಳನ್ನು ಕಂಪ್ಯೂಟರಿನ ಪಕ್ಕದಲ್ಲಿ ಹರವಿಕೊಂಡು ಕೂತೆ.

ಅಯ್ಯ ಆಪಾ, ಎಂಥ ಕೈ ನಿನ್ನದು! ಸಾಫ್ಟ್‌ವೇರು ರಾಗ ಏರಿದಷ್ಟೂ ಜಂತಿಯನ್ನು ಏಣಿಯ ಹಾಗೆ ಎತ್ತಿ ನಿಲ್ಲಿಸುತ್ತದೆ. ನೀನು ರಾಗ ಎಷ್ಟೇ ಏರಲಿ, ಅರ್ಧ ಮನಿಗಿಂತ ಮೇಲೆ ಎತ್ತಿಲ್ಲ. ನಡುವಿನ ಸ್ವರವೇ ಎತ್ತರವಾಗಿದ್ದರೆ ಜಂತಿಯನ್ನು ಸಪಾಟಾಗಿ ಮಲಗಿಸಿದ್ದೀ. ಜಂತಿಯ ತುದಿ ಗೆರೆಯ ಮೇಲೆ ಕೂತಿರುತ್ತದೆ, ಇಲ್ಲವೇ ಗೆರೆಗೆ ಜೋತುಬಿದ್ದಿರುತ್ತದೆ. ನನ್ನವೋ, ನಡುವೆ ಎಲ್ಲೋ ತೂಗಾಡುತ್ತ ಚೂರು ಬಿಳಿ ಸಂದು ಬಿಡುತ್ತಿದ್ದವು. ಮಸಿ ತುಂಬುತ್ತಿದ್ದದ್ದು ಆ ಸಂದಿನಲ್ಲೇ.

ಜಂತಿಯನ್ನು ತುಸು ದಪ್ಪ ಮಾಡಿದೆ, ಜೋಡಿ ಜಂತಿಯನ್ನು ದೂರ ಸರಿಸಿದೆ, ಬಾಗು ಇಳಿಸಿದೆ. ಸೆಟ್ಟಿಂಗಿಗೆ ಬಗ್ಗದ ಜಂತಿಗಳ ತುದಿ ಹಿಡಿದು ಮೌಸಿನಿಂದ ಒಂದೊಂದನ್ನೇ ಎಳೆದು ಗೆರೆಯ ಮೇಲೆ ಕೂರಿಸಿದೆ. ಗಿರಾಕಿಗಳು ಬಂದು, "ನಮ್ಮ ಕಾರ್ಡ ಎಲ್ಲಿ ಬಂತ್ರಿ?" ಅಂದರೆ, "ಜಂತಿ ಹಾಕಾಕತ್ತೇನ್ರಿ, ನಾಳೆ ಬರ್ರಿ" ಅನ್ನುತ್ತಿದ್ದೆ. ಅಂಗಡಿ ಕಟ್ಟಿಸುತ್ತಿದ್ದಾಳೆಂದು ಪೇಟೆಯಲ್ಲೆಲ್ಲ ಸುದ್ದಿ. ಇತ್ತ ಅಬ್ಬಾ ಒಂದು ಹಾಳೆಯನ್ನೂ ಒಪ್ಪಲೊಲ್ಲರು. "ಚಲೋ ಆಗೈತಿ, ಆದ್ರ ಅದಲ್ಲ." "ಯಾವದಲ್ಲ ಅಬ್ಬಾ?" "ಗೊತ್ತಿಲ್ಲ. ಅದಲ್ಲ." ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ಕೊನೆಗೆ ಸಿಕ್ಕಿತು. ರಾಗ ಇಳಿಯುವ ಕಡೆ ನೀನು ಜಂತಿಯನ್ನು ಏರುವ ಕಡೆಗಿಂತ ಕಡಿಮೆ ಬಾಗಿಸುತ್ತಿದ್ದೆ. ಅದು ಜಾಣತನವೋ ಮೈಗಳ್ಳತನವೋ ನೀನೇ ಹೇಳಬೇಕು. ನಾನೂ ಹಾಗೇ ಮಾಡಿದೆ. ಅಬ್ಬಾ ಹಾಳೆಗಳನ್ನು ಒಪ್ಪಿಕೊಂಡರು.

ಕಳೆದ ವಾರ ಕಿತ್ತೂರಿನ ಮದುವೆಯಲ್ಲಿ ಅದೇ ಹಾಳೆಗಳು. ನಾನೂ ಹೋಗಿದ್ದೆ. ಬಾಳು ಒಂದು ಸ್ವರ ತಪ್ಪದೆ ಊದಿದ, ಕುದುರೆ ಕುಣಿಯಿತು, ಮದುಮಗ ಬೀಳುವುದೊಂದು ಬಾಕಿ. ಬ್ಯಾಂಡು ಮುಚ್ಚುವ ಮಾತು ಈಗ ಯಾರೂ ಎತ್ತುವುದಿಲ್ಲ. ಅಮ್ಮಾ ಮಾತ್ರ ಅಬ್ಬಾ ಜಂತಿ ಅಂದಾಗಲೆಲ್ಲ, "ಯಾವ ಜಂತಿ, ಮೊದಲ ಹೇಳ್ರಿ" ಅನ್ನುತ್ತಾಳೆ.

ಅಮ್ಮಾ ನಿನಗೆ ದುವಾ ಹೇಳಿದ್ದಾಳೆ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ. ನಾಸಿರ ಭಾಯಿಗೆ ನನ್ನ ಸಲಾಮು ತಿಳಿಸು. ಅಲ್ಲಾಹ ನಿನ್ನ ಮನೆಯನ್ನೂ ಅದರ ಜಂತಿಗಳನ್ನೂ ಗಟ್ಟಿಯಾಗಿಡಲಿ.

ನಿನ್ನ ತಂಗಿ,
ಮೆಹೆರಾಜ

ತಾ.ಕ.: ಅಬ್ಬಾ ಒಪ್ಪಿಕೊಂಡರು ಎಂದು ಬರೆದೆನಲ್ಲ, ಹೇಗೆ ಎಂದು ಬರೆಯಲು ಕೈ ಬರಲಿಲ್ಲ. ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಜಂತಿಗಳ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಮೆಲ್ಲಗೆ, "ಫರೀನ್ ಬಂದಿದ್ಲೇನ?" ಅಂದರು. ಕೈಬರಹಕ್ಕೂ ಪ್ರಿಂಟಿಗೂ ಇರುವ ಫರಕು ಆ ಕಣ್ಣಿಗೆ ಈಗ ತಿಳಿಯುವುದಿಲ್ಲ ಆಪಾ. ಇಷ್ಟು ದಿನ ಬೆನ್ನು ಮುರಿದುಕೊಂಡವಳು ನಾನು, ಹೆಸರು ಬಂದದ್ದು ನಿನ್ನದು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಅವರ ಮುಖ ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ. "ಹೂಂ, ಮಧ್ಯಾಹ್ನ ಬಂದು ಬರಕೊಟ್ಟು ಹೋದ್ಲು. ನೀವು ಮಲಗಿದ್ರಿ" ಅಂದುಬಿಟ್ಟೆ. "ಎಬ್ಬಸಬೇಕಿಲ್ಲೇನ ನನ್ನ?" ಅಂದರು. ಅಂದಿನಿಂದ ಅಬ್ಬಾ ಮಧ್ಯಾಹ್ನ ಮಲಗುತ್ತಿಲ್ಲ.