ಹಲಗೆಯ ಮೇಲೆ ಬರೆದ ನಾಲ್ಕು

ಟಿಪ್ಪರರಿ, ಅಕ್ಟೋಬರ್ ೧೯೮೭

ಪ್ರೀತಿಯ ಡೊನಲ್,

ನೀನು ನನ್ನ ಜೊತೆ ಮಾತು ಬಿಟ್ಟು ನಾಲ್ಕು ತಿಂಗಳಾಯಿತು. ಹರಿದು ಹಾಕುವುದಾದರೆ ಇದನ್ನು ಓದಿ ಆಮೇಲೆ ಹರಿ, ಮಾರಾಯ.

ಆ ಮಂಗಳವಾರ ಬೇಲಿ ಹಾರುವ ಕುದುರೆ ರೇಸಿನಲ್ಲಿ ಊರಿಗೆ ಊರೇ ನಿನ್ನ ಮೇಲೆ ಬಾಜಿ ಕಟ್ಟಿತ್ತು. ನೀನು ಏರಿದ ಬೂದು ಕುದುರೆ ಗ್ರೇ ಮಾಲಿ ಗೆದ್ದರೆ ಒಂದು ಪೌಂಡಿಗೆ ಎರಡು ಕೊಡುತ್ತೇನೆಂದು ನನ್ನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ. ಪಾದ್ರಿಯ ಅಡುಗೆಯವಳಿಂದ ಹಿಡಿದು ಎಲ್ಲರೂ ಮುಗಿಬಿದ್ದರು. ಎಲ್ಲರ ದುಡ್ಡೂ ಒಂದೇ ಕುದುರೆಯ ಮೇಲೆ ಬಿದ್ದು ಅದೇ ಗೆದ್ದರೆ ಬಾಜಿ ಕಟ್ಟಿಸಿಕೊಳ್ಳುವ ನನ್ನಂಥ ಬುಕ್ಕಿ ಮುಳುಗಿದ ಹಾಗೆಯೇ. ಅಪ್ಪ ಹಲಗೆಯನ್ನು ನನಗೆ ಬಿಟ್ಟುಕೊಡುವಾಗ ಹೇಳಿದ್ದು ಅದನ್ನೇ. "ಕುದುರೆ ಮುಖ ನೋಡ್ಬೇಡ ಕಣೇ, ದುಡ್ಡು ಎತ್ಲಾಗೆ ಹೋಗ್ತಿದೆ ನೋಡು. ಹೋಗೋ ಕಡೆ ದರ ಇಳ್ಸು, ಹೋಗ್ದೇ ಇರೋ ಕಡೆ ಏರ್ಸು." ನಾನೂ ನಿನ್ನ ದರವನ್ನು ಒಂದೂವರೆಗೆ ಇಳಿಸಿ, ಕಾರ್ಕ್‌ನಿಂದ ಬಂದಿದ್ದ ಕಂದು ಕುದುರೆಯದನ್ನು ಏರಿಸಿದೆ.

ಓಟಕ್ಕೆ ಹತ್ತು ನಿಮಿಷ ಇದ್ದಾಗ ಧಾನ್ಯದ ವ್ಯಾಪಾರಿ ಹ್ಯಾನ್ಲನ್ ಬಂದು ಆ ಕಂದು ಕುದುರೆಯ ಮೇಲೆ ಒಂದೇ ಏಟಿಗೆ ಎಂಟುನೂರು ಪೌಂಡ್ ಇಟ್ಟ. ಅವನು ಸುಮ್ಮಸುಮ್ಮನೆ ದುಡ್ಡು ಬಿಚ್ಚುವ ಆಸಾಮಿಯಲ್ಲ. ಸೀಮೆಸುಣ್ಣ ಎತ್ತಿಕೊಂಡೆ. ಕಂದು ಕುದುರೆಯ ದರ ಇಳಿಸಿದೆ, ನಿನ್ನದನ್ನು ಅಳಿಸಿ ನಾಲ್ಕು ಎಂದು ಬರೆದೆ. ಮಾಂಸದಂಗಡಿಯ ಟಿಮ್ಮಿ ಸಾಲಿನಾಚೆಯಿಂದ ಕೂಗಿದ. "ಏನಮ್ಮಾ ನೋರೀನ್, ನಾಲ್ಕಕ್ಕೆ ಏರ್ಸಿದೀಯ, ಇವ್ನು ಗೆಲ್ಲಲ್ಲ ಅಂತಾನಾ? ಒಡಹುಟ್ಟಿದ ತಮ್ಮನ್ಮೇಲೇ ನಂಬ್ಕೆ ಇಲ್ವಾ? ಇವತ್ತು ಮನೇಲಿ ನಿಂಗೆ ಒಂದು ಆಲೂಗಡ್ಡೇನೂ ಹಾಕಲ್ಲ ನೋಡ್ಕೋ!" ಜನ ನಕ್ಕರು. ಆದರೆ ಅಷ್ಟು ದರ ಇದ್ದರೂ ಒಬ್ಬನೂ ಮುಂದೆ ಬರಲಿಲ್ಲ. ಅಕ್ಕನಿಗೆ ಏನೋ ಗೊತ್ತಿರಬೇಕು ಎಂದುಕೊಂಡರು. ಅದೇ ಹೊತ್ತಿಗೆ ನೀನು ಮಾಲಿಯ ಮೇಲೆ ಕೂತು ನಮ್ಮ ಮುಂದೆ ಹಾದುಹೋದೆ. ಹಲಗೆಯನ್ನು ನೋಡಿದೆ, ಆಮೇಲೆ ನನ್ನನ್ನು ನೋಡಿದೆ.

ಕೊನೆಯ ಬೇಲಿಗೆ ಯಾರೂ ಹಾಗೆ ನುಗ್ಗುವುದಿಲ್ಲ. ನೀನು ನನಗೆ ತೋರಿಸಲಿಕ್ಕೆಂದೇ ನುಗ್ಗಿದೆ. ಬಿದ್ದ ಮಾಲಿ ಎದ್ದು ಮೈ ಕೊಡವಿಕೊಂಡಳು, ನೀನು ಏಳಲಿಲ್ಲ.

ಆಸ್ಪತ್ರೆಯಲ್ಲಿ ನೀನು ಕೇಳಿದ್ದು ಒಂದೇ ಮಾತು. "ನಾಲ್ಕು ಅಂತ ಬರ್ದ್ಯಲ್ಲ ಅಕ್ಕಾ?" ನಾನು "ದುಡ್ಡು ಬಂದ ಹಾಗೆ ದರ ಕಣೋ, ನಂಬ್ಕೆ ಮಾತಲ್ಲ ಅದು" ಅಂದೆ.

ಅದು ಸುಳ್ಳು, ಡೊನಲ್. ಹ್ಯಾನ್ಲನ್‌ನ ದುಡ್ಡಿಗೆ ನಿನ್ನ ದರವನ್ನು ಎರಡಕ್ಕೆ ಏರಿಸಿದ್ದರೆ ಸಾಕಿತ್ತು. ಉಳಿದ ಎರಡು ನಾನೇ ಸೇರಿಸಿದವು. ಅವತ್ತು ಬೆಳಿಗ್ಗೆ ಚಹಾ ಕುಡಿಯುವಾಗ ನೀನು ಬಲಗೈಯಲ್ಲಿ ಲೋಟ ಎತ್ತಲಾಗದೆ ಎಡಗೈಗೆ ಬದಲಿಸಿದ್ದನ್ನು ನಾನು ನೋಡಿದ್ದೆ. ಹಳೆಯ ಭುಜದ ಪೆಟ್ಟು ವಾಸಿಯಾಗಿರಲಿಲ್ಲ, ಅದನ್ನು ನೀನು ಡಾಕ್ಟರಿಂದಲೂ ಮುಚ್ಚಿಟ್ಟಿದ್ದೆ. "ಇವತ್ತು ಹತ್ತಬೇಡ" ಎಂದರೆ ಎಲ್ಲಿ ರೇಗುತ್ತೀಯೋ ಎಂದು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಸುಮ್ಮನಿದ್ದೆ. ನಿನ್ನೊಬ್ಬನಿಗೆ ಹೇಳಬೇಕಾದದ್ದನ್ನು ಊರಿಗೆಲ್ಲ ಬರೆದು ತೋರಿಸಿದೆ.

ಭಾನುವಾರ ಬರುತ್ತೇನೆ. ಬಾಯಿಗೆ ಬಂದಂತೆ ಬೈ, ಕೂತು ಕೇಳುತ್ತೇನೆ. ದೇವರು ನಿನ್ನ ಕಾಲುಗಳಿಗೆ ಬೇಗ ಬಲ ಕೊಡಲಿ.

ನಿನ್ನ ಅಕ್ಕ,
ನೋರೀನ್